ಅಟ್ಟದ ಮೇಲಿನ ಪ್ರೊಜೆಕ್ಟರ್, ಓಡಿಸಬಾರದ ರೀಲು

[ಹಿನ್ನೆಲೆಯಲ್ಲಿ ಯಂತ್ರದ ಟಕಟಕ ಸದ್ದು]

ಇಯರ್‌ಫೋನ್ ಹಾಕ್ಕೊಂಡಿದ್ರೆ ಈ ಸದ್ದನ್ನ ಇನ್ನೊಂದು ಸಲ ಗಮನ ಇಟ್ಟು ಕೇಳಿ. ಹೊಲಿಗೆ ಮಷಿನ್ ಅಂದುಕೊಂಡ್ರಾ? ಸ್ಟುಡಿಯೋದಲ್ಲಿ ಕೇಳಿಸಿದಾಗ ನಮ್ಮವರೂ ಹಾಗೇ ಅಂದರು. ಅದು ಅಂಥಾ ತಪ್ಪೇನಲ್ಲ. ಫ್ರಾನ್ಸಿನ ಲೂಯಿ ಲೂಮಿಯೇರ್‌ಗೆ ತನ್ನ ಸಿನಿಮಾ ಯಂತ್ರದ ಉಪಾಯ ಹೊಳೆದಿದ್ದೇ ಹೊಲಿಗೆ ಮಷಿನ್‌ನಿಂದ ಅಂತ ಹೇಳ್ತಾರೆ. ಬಟ್ಟೆ ಒಂದು ಹೊಲಿಗೆಯಷ್ಟು ಮುಂದೆ ಹೋಗುತ್ತೆ, ನಿಲ್ಲುತ್ತೆ, ಮತ್ತೆ ಹೋಗುತ್ತೆ. ಫಿಲ್ಮೂ ಅಷ್ಟೇ. ಓಡೋದಿಲ್ಲ, ನಿಂತು ನಿಂತು ಹೋಗುತ್ತೆ.

ನೀವು ಕೇಳಿದ್ದು 16 ಎಂ.ಎಂ. ಪ್ರೊಜೆಕ್ಟರ್ ಸದ್ದು. ರೆಕಾರ್ಡ್ ಮಾಡಿದ್ದು ತ್ಯಾಗರಾಜನಗರದ ನಮ್ಮ ಮನೆಯ ಹಾಲ್‌ನಲ್ಲಿ. ಆ ಏರಿಯಾ ಗೊತ್ತಿರೋರಿಗೆ ಮುಂದಿನ ಮಾತು ಹೇಳಬೇಕಾಗಿಲ್ಲ. ಹಳೇ ಮನೆಗಳು ಒಂದೊಂದಾಗಿ ಬಿಲ್ಡರ್ ಕೈಗೆ ಹೋಗ್ತಿವೆ, ನಮ್ಮದೂ ಹೋಗ್ತಿದೆ. ಖಾಲಿ ಮಾಡೋಕೆ ಅಂತ ಅಟ್ಟ ಹತ್ತಿದಾಗ ತಾಮ್ರದ ಹಂಡೆ, ಮುರಿದ ತೊಟ್ಟಿಲು, 'ಸುಧಾ' ಪತ್ರಿಕೆಯ ಕಟ್ಟುಗಳು, ಅವುಗಳ ಹಿಂದೆ ಒಂದು ಮರದ ಪೆಟ್ಟಿಗೆ. ಒಳಗೆ ಬೆಲ್ ಅಂಡ್ ಹೊವೆಲ್ ಕಂಪನಿಯ ಪ್ರೊಜೆಕ್ಟರ್. ಪಕ್ಕದಲ್ಲಿ ತಟ್ಟೆಯಂಥ ಒಂದು ತಗಡಿನ ಡಬ್ಬ. ಡಬ್ಬದ ಮೇಲೆ ಪೆನ್ಸಿಲ್‌ನಲ್ಲಿ ತಾತನ ಅಕ್ಷರ: 'ವಾರ್ಷಿಕೋತ್ಸವ, 1974'.

ತಾತ ಹೈಸ್ಕೂಲ್ ಮೇಷ್ಟರು. ಶಾಲೆ ಬೇಡ ಅಂತ ಹರಾಜಿಗೆ ಹಾಕಿದ ಯಂತ್ರವನ್ನ ಮನೆಗೆ ತಂದಿದ್ದರಂತೆ. ಗಣಪತಿ ಕೂರಿಸಿದಾಗ ರಸ್ತೆಗೆ ಅಡ್ಡಲಾಗಿ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸ್ತಿದ್ದರಂತೆ. ಪಂಚೆಯ ಎರಡೂ ಕಡೆ ಜನ ಕೂತಿರೋರು, ಆ ಕಡೆ ಕೂತವರಿಗೆ ಹೀರೋ ಎಡಗೈಯಲ್ಲಿ ಹೊಡೀತಿದ್ದ ಅಂತ ಅಜ್ಜಿ ಈಗಲೂ ನಗ್ತಾರೆ.

ಗುಜರಿಯವನು ಪ್ರೊಜೆಕ್ಟರ್ ಎತ್ತಿ ನೋಡಿ ತೂಕದ ಲೆಕ್ಕದಲ್ಲಿ ರೇಟ್ ಹೇಳಿದ. ಅಜ್ಜಿ ಒಳಗಿಂದಲೇ, 'ಅದನ್ನ ಮುಟ್ಟಬೇಡ ಅನ್ನೇ ಅವನಿಗೆ' ಅಂದರು. ಈ ಎಪಿಸೋಡ್ ಹುಟ್ಟಿದ್ದು ಅಲ್ಲಿಂದ.

ರಿಪೇರಿ ಮಾಡೋರು ಯಾರು ಅಂತ ಹುಡುಕಿದಾಗ ಸಿಕ್ಕಿದ್ದು ಕೆ.ಜಿ. ರಸ್ತೆಯ ಚಿತ್ರಮಂದಿರವೊಂದರಲ್ಲಿ ದಶಕಗಟ್ಟಲೆ ಆಪರೇಟರ್ ಆಗಿದ್ದ ಒಬ್ಬರು ಹಿರಿಯರು. ಹೆಸರು ಬೇಡ ಅಂದಿದ್ದಾರೆ. ಆಪರೇಟರ್ ತಾತ ಅಂತಲೇ ಕರೀತೀನಿ. ಅವರು ಬಾಗಿಲಲ್ಲೇ ನಿಂತು ಕೇಳಿದ ಮೊದಲನೇ ಪ್ರಶ್ನೆ, 'ಪ್ಲಗ್ಗಿಗೆ ಹಾಕಿ ನೋಡಿದ್ಯೇನಮ್ಮಾ?'

'ಇಲ್ಲ ತಾತ.'

'ಹಂಗಾದ್ರೆ ಬದುಕಿದೆ.'

ಕಾರಣ ಇತ್ತು. ಯಂತ್ರದ ಬೆನ್ನಿಗಿದ್ದ ಫಲಕದಲ್ಲಿ 115 ವೋಲ್ಟ್ ಅಂತ ಕೊರೆದಿತ್ತು. ಅಮೆರಿಕದ ಕರೆಂಟಿಗೆ ಮಾಡಿದ್ದು. ನಮ್ಮ ಗೋಡೆಯಲ್ಲಿರೋದು 230. ಜೊತೆಗಿರಬೇಕಾದ ಟ್ರಾನ್ಸ್‌ಫಾರ್ಮರ್ ಯಾವತ್ತೋ ಕಳೆದುಹೋಗಿತ್ತು. ಉತ್ಸಾಹದಲ್ಲಿ ಸ್ವಿಚ್ ಹಾಕಿದ್ದರೆ ಲ್ಯಾಂಪು, ಮೋಟರು ಎರಡೂ ಒಂದೇ ಕ್ಷಣಕ್ಕೆ ಹೋಗ್ತಿದ್ದವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಸಿಕ್ಕರೆ ಇದೊಂದನ್ನ ನೆನಪಿಟ್ಕೊಳ್ಳಿ, ಪ್ಲಗ್ಗು ಕೊನೆಗೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಳಕಿನ ಕಥೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಪ್ರೊಜೆಕ್ಟರಿನ ಅರ್ಧ ಇತಿಹಾಸ ಇರೋದು ಬೆಳಕಿನಲ್ಲೇ.

1896ರ ಜುಲೈ 7ರಂದು ಬಾಂಬೆಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಕಂಪನಿಯವರು ಭಾರತದ ಮೊದಲ ಸಿನಿಮಾ ಪ್ರದರ್ಶನ ಮಾಡಿದರು. ಆಗ ಬೆಂಗಳೂರಿಗೆ ಕರೆಂಟೇ ಇರಲಿಲ್ಲ. ಶಿವನಸಮುದ್ರದ ವಿದ್ಯುತ್ ಮೊದಲು ಹೋಗಿದ್ದು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ. ಹಾಗಾದ್ರೆ ಅಲ್ಲಿಯವರೆಗೆ ಸಿನಿಮಾ ತೋರಿಸೋರು ಬೆಳಕಿಗೆ ಏನು ಮಾಡ್ತಿದ್ರು? ಆಮ್ಲಜನಕ, ಜಲಜನಕದ ಉರಿಯನ್ನ ಸುಣ್ಣದ ತುಂಡಿಗೆ ತಗುಲಿಸ್ತಿದ್ರು. ಸುಣ್ಣ ಕಾದು ಬೆಳ್ಳಗೆ ಬೆಳಗೋದು. ಆ ಬೆಳಕಲ್ಲಿ, ಕೈಯಲ್ಲಿ ಹಿಡಿ ತಿರುಗಿಸ್ತಾ ಚಿತ್ರ ತೋರಿಸೋದು. ತಿರುಚಿರಾಪಳ್ಳಿಯ ರೈಲ್ವೆ ಗುಮಾಸ್ತ ಸ್ವಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಡ್ಯೂಪಾಂಟ್ ಅನ್ನೋ ಫ್ರೆಂಚ್ ಪ್ರದರ್ಶಕನಿಂದ ಯಂತ್ರ, ಫಿಲ್ಮು ಎಲ್ಲಾ ಕೊಂಡುಕೊಂಡು ದಕ್ಷಿಣ ಭಾರತ ಸುತ್ತಿದರು. ನಾವು ಟೂರಿಂಗ್ ಟಾಕೀಸ್, ಟೆಂಟು ಅಂತೀವಲ್ಲ, ಅದರ ಮೂಲಪುರುಷರಲ್ಲಿ ಇವರೊಬ್ಬರು.

ಕರೆಂಟ್ ಬಂದ ಮೇಲೆ ಕಾರ್ಬನ್ ಬಂತು. ಇದನ್ನ ಆಪರೇಟರ್ ತಾತ ವಿವರಿಸೋವಾಗ ಅವರ ಕೈ ತಾನಾಗೇ ಗಾಳಿಯಲ್ಲಿ ಎರಡು ಗುಂಡಿ ತಿರುಗಿಸ್ತಿತ್ತು. ಪೆನ್ಸಿಲಿನಂಥ ಎರಡು ಕಾರ್ಬನ್ ಕಡ್ಡಿ, ಒಂದು ಪಾಸಿಟಿವ್, ಒಂದು ನೆಗೆಟಿವ್. ಎರಡನ್ನೂ ಒಂದು ಕ್ಷಣ ತಾಗಿಸಿ ಬಿಡಿಸಿದರೆ ನಡುವಿನ ಸಂದಿಯಲ್ಲಿ ಬೆಂಕಿಯ ಸೇತುವೆ. ಕಡ್ಡಿಯ ತುದಿಯಲ್ಲಿ 3500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ. ಕಡ್ಡಿ ಉರೀತಾ ಉರೀತಾ ಸವೆಯುತ್ತೆ, ಸಂದಿ ದೊಡ್ಡದಾಗುತ್ತೆ, ಪರದೆ ಮಂಕಾಗುತ್ತೆ. ಆಪರೇಟರ್ ಕರಿ ಗಾಜಿನೊಳಗೆ ನೋಡ್ತಾ ಕಡ್ಡಿಗಳನ್ನ ಹತ್ತಿರ ತರ್ತಾನೇ ಇರಬೇಕು. ಮರೆತರೆ ಕೆಳಗಿಂದ ಶಿಳ್ಳೆ, ಬೈಗುಳ. 'ನಾನು ಎಷ್ಟೋ ಸಿನಿಮಾನ ಪೂರ್ತಿ ನೋಡೇ ಇಲ್ಲ ಕಣಮ್ಮಾ, ಬರೀ ಕಾರ್ಬನ್ ನೋಡಿದ್ದು,' ಅಂದರು. ಜರ್ಮನಿಯಲ್ಲಿ 1950ರ ದಶಕದಲ್ಲೇ ಜೆನಾನ್ ಲ್ಯಾಂಪು ಬಂದಿತ್ತು, ಒಮ್ಮೆ ಹಾಕಿದರೆ ಅದರ ಪಾಡಿಗೆ ಅದು ಉರಿಯುತ್ತೆ. ನಮ್ಮ ಟೆಂಟುಗಳಲ್ಲಿ ಮಾತ್ರ ಕಾರ್ಬನ್ ಬಹಳ ಕಾಲ ಉಳೀತು.

ಇನ್ನು ಯಂತ್ರದ ಒಳಗೆ ಬನ್ನಿ. ಥಿಯೇಟರಿನ 35 ಎಂ.ಎಂ. ಪ್ರೊಜೆಕ್ಟರಿನ ಎದೆಯೊಳಗೆ ಒಂದು ಪುಟ್ಟ ಉಕ್ಕಿನ ಶಿಲುಬೆ ಇರುತ್ತೆ, ಮಾಲ್ಟೀಸ್ ಕ್ರಾಸ್ ಅಂತಾರೆ. ನಾಲ್ಕು ಸೀಳು. ಪಕ್ಕದಲ್ಲಿ ಸುತ್ತುವ ಚಕ್ರದ ಮೊಳೆ ಒಂದು ಸೀಳಿಗೆ ಹೊಕ್ಕು ಶಿಲುಬೆಯನ್ನ ಕಾಲು ಸುತ್ತು ತಿರುಗಿಸಿ ಹೊರಗೆ ಬರುತ್ತೆ. ಆ ಕಾಲು ಸುತ್ತಿಗೆ ಫಿಲ್ಮು ಒಂದು ಚಿತ್ರದಷ್ಟು ಕೆಳಗಿಳಿಯುತ್ತೆ. ಆಮೇಲೆ ನಿಶ್ಚಲ. ಸೆಕೆಂಡಿಗೆ 24 ಸಲ ಹೀಗೆ. ಫಿಲ್ಮು ಇಳಿಯೋವಾಗ ಶಟರ್ ಬೆಳಕಿಗೆ ಅಡ್ಡ ಬರುತ್ತೆ. ನಿಂತಾಗಲೂ ಒಂದು ಸಲ ಬೇಕಂತಲೇ ಅಡ್ಡ ಬರುತ್ತೆ, ಯಾಕಂದ್ರೆ 24 ಸಲ ಮಾತ್ರ ಮಿಣುಕಿದರೆ ಕಣ್ಣು ನೋಯುತ್ತೆ, 48 ಆದರೆ ಸಹಿಸ್ಕೊಳ್ಳುತ್ತೆ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ 60 ಹರ್ಟ್ಸ್, 120 ಹರ್ಟ್ಸ್ ಅಂತ ಇರುತ್ತಲ್ಲ, ಆ ತಲೆನೋವಿಗೆ ಇವರು ತಗಡಿನ ರೆಕ್ಕೆಯಲ್ಲಿ ಪರಿಹಾರ ಕಂಡುಕೊಂಡಿದ್ದರು.

ನಮ್ಮ ತಾತನ 16 ಎಂ.ಎಂ. ಯಂತ್ರದಲ್ಲಿ ಶಿಲುಬೆ ಇಲ್ಲ. ಅದರ ಬದಲು ಬೆಕ್ಕಿನ ಉಗುರಿನಂಥ ಒಂದು ಕೊಕ್ಕೆ, ಫಿಲ್ಮಿನ ತೂತಿಗೆ ಸಿಕ್ಕಿಸಿ ಕೆಳಗೆಳೆಯುತ್ತೆ. ಈ ಉಗುರನ್ನ ಮರೀಬೇಡಿ, ಕೊನೆಯಲ್ಲಿ ಬೇಕಾಗುತ್ತೆ.

16 ಎಂ.ಎಂ. ಅನ್ನು ಕೊಡ್ಯಾಕ್ ಕಂಪನಿ ತಂದಿದ್ದು 1923ರಲ್ಲಿ, ಮನೆ ಮತ್ತು ಶಾಲೆಗೆ ಅಂತ. ದೊಡ್ಡ ಸಿನಿಮಾದ ಫಿಲ್ಮು ಆಗ ನೈಟ್ರೇಟ್. ಅದು ಒಮ್ಮೆ ಹೊತ್ತಿಕೊಂಡರೆ ತನಗೆ ಬೇಕಾದ ಆಮ್ಲಜನಕ ತಾನೇ ಹುಟ್ಟಿಸ್ಕೊಳ್ಳುತ್ತೆ, ನೀರಲ್ಲಿ ಮುಳುಗಿಸಿದರೂ ಆರಲ್ಲ. ಅದಕ್ಕೇ 16 ಎಂ.ಎಂ. ಮೊದಲಿಂದಲೂ ಬೇಗ ಬೆಂಕಿ ಹತ್ತದ ಅಸಿಟೇಟ್‌ನಲ್ಲಿ ಬಂತು. ಕರ್ನಾಟಕದ ಹಳ್ಳಿಗಳಿಗೆ ಸರ್ಕಾರಿ ವ್ಯಾನ್‌ನಲ್ಲಿ ಹೋಗಿದ್ದು ಇದೇ ಅಳತೆಯ ಫಿಲ್ಮು. ಫಿಲ್ಮ್ ಸೊಸೈಟಿಗಳು ಬೆಳೆದಿದ್ದೂ ಇದರ ಬೆನ್ನ ಮೇಲೆ. 1971ರಲ್ಲಿ ಶುರುವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಇವತ್ತು ಬನಶಂಕರಿ 2ನೇ ಹಂತದಲ್ಲಿದೆಯಲ್ಲ, ನಮ್ಮ ಮನೆಯಿಂದ ನಡೆದೇ ಹೋಗಬಹುದು. ಹೊರದೇಶದ ಸಿನಿಮಾ ನೋಡಬೇಕು ಅಂದ್ರೆ ಡಬ್ಬ ಬರೋವರೆಗೂ ಕಾಯ್ತಿದ್ದ ಕಾಲ ಅದು.

ಸರಿ, ರಿಪೇರಿಗೆ ಬರೋಣ. ಆಪರೇಟರ್ ತಾತ ಮೂರು ವಾರ ಬಂದರು, ದಿನಾ ಮಧ್ಯಾಹ್ನ ಊಟ ಆದಮೇಲೆ.

ಮೊದಲ ದಿನ ಬರೀ ಬಿಚ್ಚೋದು. ಪ್ರತಿ ಸ್ಕ್ರೂ ಒಂದೊಂದು ಇಡ್ಲಿ ತಟ್ಟೆಯ ಗುಂಡಿಗೆ. ನಾನು ಪ್ರತಿ ಹೆಜ್ಜೆಗೂ ಫೋನಲ್ಲಿ ಫೋಟೋ ತೆಗೀತಿದ್ದೆ. ಒಳಗೆ ಗ್ರೀಸು ಹಲಸಿನ ಅಂಟಿನ ಹಾಗೆ ಗಟ್ಟಿಯಾಗಿತ್ತು. ಎಷ್ಟೋ ಯಂತ್ರ ಹಾಳಾಗೋದು ಸವೆದಲ್ಲ, ಹೀಗೆ ಸುಮ್ಮನೆ ಕೂತು. ಸ್ಪಿರಿಟ್ ಹಚ್ಚಿ ಹತ್ತಿ ಬಟ್ಟೆಯಲ್ಲಿ ಒರೆಸಿ ಒರೆಸಿ ತೆಗೆಯಬೇಕು. ನಾನು ಪರವಾಗಿಲ್ಲ ಅಂತ ಸ್ಕ್ರೂಡ್ರೈವರ್ ತುದಿಯಿಂದ ಗೇಟ್ ಕೆರೆಯೋಕೆ ಹೋದೆ. ಗೇಟ್ ಅಂದ್ರೆ ಲೆನ್ಸಿನ ಹಿಂದೆ ಫಿಲ್ಮು ಬಂದು ನಿಲ್ಲೋ ಚೌಕಟ್ಟು. ಕೈ ಮೇಲೆ ಒಂದು ಏಟು ಬಿತ್ತು. ನಿಜವಾಗ್ಲೂ ಬಿತ್ತು. 'ಅಲ್ಲೊಂದು ಗೀರು ಬಿದ್ರೆ ರೀಲಿನ ಉದ್ದಕ್ಕೂ ಗೀರು ಬೀಳುತ್ತೆ.' ಹಳೇ ಸಿನಿಮಾದಲ್ಲಿ ಮಳೆ ಬಂದ ಹಾಗೆ ಗೆರೆ ಕಾಣಿಸ್ತವಲ್ಲ, ಅದರಲ್ಲಿ ಬಹಳಷ್ಟು ಇಂಥ ಗೇಟುಗಳು ಎಳೆದಿರೋದು. ಗೇಟನ್ನ ಬಿದಿರು ಕಡ್ಡಿಯಲ್ಲಿ ಉಜ್ಜಬೇಕು, ಲೋಹ ಮುಟ್ಟಿಸೋ ಹಾಗಿಲ್ಲ.

ಬೆಲ್ಟು ರಬ್ಬರಿನದು, ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟಿತು. ಎಸ್.ಪಿ. ರೋಡಲ್ಲಿ ಅರ್ಧ ದಿನ ಅಲೆದು ಸರಿಸಮ ದಪ್ಪದ ರಬ್ಬರ್ ಹುರಿ ಹುಡುಕಿದ್ವಿ. ಟ್ರಾನ್ಸ್‌ಫಾರ್ಮರೂ ಅಲ್ಲೇ ಸಿಕ್ತು. ಆಂಪ್ಲಿಫೈಯರಿನ ಹಳೇ ಕೆಪಾಸಿಟರ್‌ಗಳೆಲ್ಲ ಬದಲು. ದೊಡ್ಡ ಪೆಟ್ಟು ಕೊಟ್ಟಿದ್ದು ಮಾತ್ರ ಒಂದು ಪ್ಲಾಸ್ಟಿಕ್ ಹಲ್ಲುಚಕ್ರ. ಬೆಲ್ ಅಂಡ್ ಹೊವೆಲ್‌ನ ಆಮೇಲಿನ ಹಲವು ಮಾದರಿಗಳಲ್ಲಿ ಮೋಟರಿನ ಶಕ್ತಿಯನ್ನ ಒಳಗೆ ದಾಟಿಸೋ ವರ್ಮ್ ಗೇರ್ ಪ್ಲಾಸ್ಟಿಕ್‌ನದು, ವಯಸ್ಸಾದಂತೆ ತಾನಾಗೇ ಸೀಳಿ ಬಿಡುತ್ತೆ. ಜಗತ್ತಿನಾದ್ಯಂತ ಇದನ್ನ ರಿಪೇರಿ ಮಾಡೋರ ಗೋಳು ಇದೇ. ನಮ್ಮದೂ ಸೀಳಿತ್ತು. ಅಳತೆ ತಗೊಂಡು ಹೊಸದು ಮಾಡಿಸಿದ್ವಿ. ಹಾಕೋದು ಸುಲಭ, ಹೊಂದಿಸೋದು ಕಷ್ಟ. ಉಗುರು ಫಿಲ್ಮನ್ನ ಎಳೆಯೋ ಅದೇ ಗಳಿಗೆಗೆ ಶಟರ್ ಮುಚ್ಚಿರಬೇಕು. ಒಂದು ಹಲ್ಲು ಆಚೀಚೆ ಆದರೂ ಪರದೆಯಲ್ಲಿ ಬಿಳಿ ಅಕ್ಷರಗಳಿಗೆ ಬಾಲ ಬೆಳೆಯುತ್ತೆ. ನಾಲ್ಕು ಸಲ ಬಿಚ್ಚಿ ಜೋಡಿಸಿದರು.

ಒಡೆದ ಗೇರನ್ನ ಬಿಸಾಡಲಿಲ್ಲ. ಒಂದು ಕವರಿಗೆ ಹಾಕಿ, ತಾರೀಖು ಬರೆದು, ಪೆಟ್ಟಿಗೆಯೊಳಗೇ ಇಟ್ಟರು. 'ಮುಂದೆ ಬಿಚ್ಚೋನಿಗೆ ನಾನು ಏನು ಮಾಡಿದೀನಿ ಅಂತ ಗೊತ್ತಾಗಬೇಕಲ್ಲ.' ಹೊರಮೈಗೆ ಹೊಸ ಬಣ್ಣ ಹೊಡೆಸೋಣ ಅಂದೆ, ಬೇಡ ಅಂದರು. ಕೆಫೆಗಳಲ್ಲಿ ಮೂಲೆಗೆ ನಿಲ್ಲಿಸಿರೋ ಪ್ರೊಜೆಕ್ಟರ್ ನೋಡಿರ್ತೀರಿ, ಥಳಥಳ ಹೊಳೀತಿರುತ್ತೆ, ಒಳಗೆ ಎಲ್‌ಇಡಿ ಬಲ್ಬು. ನನಗೂ ಮೊದಲು ಚೆಂದ ಕಾಣ್ತಿತ್ತು. ಈಗ ಅದರ ಗೇಟಿನಲ್ಲಿ ಸಿಕ್ಕಿರೋ ಧೂಳೇ ಕಣ್ಣಿಗೆ ಬೀಳುತ್ತೆ.

ಇಷ್ಟು ಮಾಡಿದ ಮೇಲೆ ನಾನು ಡಬ್ಬ ತಂದೆ. 'ವಾರ್ಷಿಕೋತ್ಸವ, 1974'. ಮುಚ್ಚಳ ತೆಗೆದ ಕೂಡಲೇ ಉಪ್ಪಿನಕಾಯಿಗೆ ಹಾಕೋ ವಿನೆಗರ್ ವಾಸನೆ. ಆಪರೇಟರ್ ತಾತ ಮುಚ್ಚಳ ವಾಪಸ್ ಮುಚ್ಚಿಬಿಟ್ಟರು.

ಯಾಕೆ ಅಂತ ಹೇಳೋ ಮುಂಚೆ ಒಂದು ತಾರೀಖು ಹೇಳ್ತೀನಿ. 1934ರ ಮಾರ್ಚ್ 3. ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸ್‌ನಲ್ಲಿ 'ಸತಿ ಸುಲೋಚನ' ತೆರೆಕಂಡ ದಿನ. ಕನ್ನಡದ ಮೊದಲ ಮಾತಿನ ಚಿತ್ರ. ನಿರ್ದೇಶನ ವೈ.ವಿ. ರಾವ್, ನಿರ್ಮಾಣ ಚಮನ್‌ಲಾಲ್ ಡುಂಗಾಜಿ, ತೆರೆಯ ಮೇಲೆ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್. ಚಿತ್ರೀಕರಣ ಆಗಿದ್ದು ಕೊಲ್ಹಾಪುರದಲ್ಲಿ. ಇಷ್ಟೆಲ್ಲಾ ನಮಗೆ ಗೊತ್ತು. ಸಿನಿಮಾ ಮಾತ್ರ ಇಲ್ಲ. ಒಂದು ಪ್ರಿಂಟೂ ಉಳಿದಿಲ್ಲ. ಮೂರು ವರ್ಷ ಮುಂಚೆ ಬಂದ ಹಿಂದಿಯ ಮೊದಲ ಟಾಕಿ 'ಆಲಂ ಆರಾ' ಗತಿಯೂ ಅದೇ. ನೈಟ್ರೇಟ್ ತಾನಾಗೇ ಕೊಳೀತು, ಸುಟ್ಟುಹೋಯ್ತು, ಇಲ್ಲಾಂದ್ರೆ ಫಿಲ್ಮಿನಲ್ಲಿರೋ ಬೆಳ್ಳಿ ತೆಗೆಯೋಕೆ ಮಾರಿದರು. ಓಡಿ ಮುಗಿದ ಸಿನಿಮಾಕ್ಕೆ ಅವತ್ತು ಇದ್ದ ಬೆಲೆ ಅದೊಂದೇ. ಗುಜರಿಯವನ ತಕ್ಕಡಿ ನನಗೆ ಆಗ ನೆನಪಾಯ್ತು.

ಮತ್ತೆ ಓಡಿ ಓಡಿಯೇ ಸತ್ತ ಪ್ರಿಂಟುಗಳೆಷ್ಟೋ. 1972ರ 'ಬಂಗಾರದ ಮನುಷ್ಯ' ಕೆ.ಜಿ. ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತು. ದಿನಕ್ಕೆ ಮೂರು ಆಟ ಅಂತಿಟ್ಕೊಂಡರೂ 2000 ದಾಟುತ್ತೆ. ಪ್ರತಿ ಆಟಕ್ಕೂ ಫಿಲ್ಮು ಹಲ್ಲುಚಕ್ರಗಳ ನಡುವೆ ಉಜ್ಜಿಕೊಂಡೇ ಹೋಗಬೇಕು. ಯಾವ ಪ್ರಿಂಟೂ ಅಷ್ಟು ದಿನ ಬಾಳಲ್ಲ. ಆದರೆ ಅಂಥ ಸಿನಿಮಾಗೆ ನೆಗೆಟಿವ್ ಅಂತ ಒಂದಿರುತ್ತೆ, ಇನ್ನೊಂದು ಪ್ರಿಂಟ್ ತೆಗೀಬಹುದು. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮರುಜೀವ ಕೊಟ್ಟು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದು ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು ಅನ್ನೋ ಕಾರಣಕ್ಕೆ.

ತಾತನ ಡಬ್ಬದಲ್ಲಿದ್ದದ್ದು ರಿವರ್ಸಲ್ ಫಿಲ್ಮು. ಹಾಗಂದ್ರೆ ಕ್ಯಾಮೆರಾ ಒಳಗೆ ಓಡಿದ ಫಿಲ್ಮನ್ನೇ ತೊಳೆದು, ಅದನ್ನೇ ಪ್ರೊಜೆಕ್ಟರಿಗೆ ಹಾಕಿ ನೋಡೋದು. ನೆಗೆಟಿವ್ ಇಲ್ಲ, ಕಾಪಿ ಇಲ್ಲ. ಜಗತ್ತಿನಲ್ಲಿ ಅದೊಂದೇ.

ವಿನೆಗರ್ ವಾಸನೆ ಅಂದ್ರೆ ಅಸಿಟೇಟ್ ಒಡೀತಾ ಆಮ್ಲ ಬಿಡ್ತಿದೆ ಅಂತ ಅರ್ಥ. ಜೊತೆಗೆ ಫಿಲ್ಮು ಕುಗ್ಗುತ್ತೆ. ಆಪರೇಟರ್ ತಾತ ಉದ್ದನೆ ಸ್ಟೀಲ್ ಸ್ಕೇಲ್ ತರಿಸಿ, ಫಿಲ್ಮನ್ನ ಮೇಜಿನ ಮೇಲೆ ಮೆಲ್ಲಗೆ ಹಾಸಿ 100 ಚಿತ್ರ ಎಣಿಸಿದರು. ಹೊಸ ಫಿಲ್ಮಿನಲ್ಲಿ ಅದು ಸುಮಾರು 76 ಸೆಂಟಿಮೀಟರ್ ಬರಬೇಕು. ನಮ್ಮದು 75 ಬಂತು. ಒಂದೇ ಸೆಂಟಿಮೀಟರ್ ಅಲ್ವಾ ಅಂದೆ. ನೂರಕ್ಕೆ ಒಂದಕ್ಕಿಂತ ಹೆಚ್ಚು ಕುಗ್ಗಿದೆ ಅಂತಾಯ್ತು. ಉಗುರು ಅಂದಿದ್ದೆನಲ್ಲ, ಅದು ಇಳಿಯೋದು ಕಾರ್ಖಾನೆಯ ಅಳತೆಗೆ. ತೂತುಗಳು ಈಗ ಆ ಅಳತೆಯಲ್ಲಿಲ್ಲ. ಉಗುರು ತೂತಿನ ಬದಲು ಫಿಲ್ಮನ್ನೇ ಚುಚ್ಚುತ್ತೆ. ಸೆಕೆಂಡಿಗೆ ಹತ್ತಾರು ಸಲ.

'ಮಷಿನ್ ರೆಡಿ ಇದೆ, ರೀಲ್ ರೆಡಿ ಇಲ್ಲ. ಓಡಿಸಿದ್ರೆ ಒಂದು ಸಲ ನೋಡಬಹುದು, ಅಷ್ಟೇ,' ಅಂದರು.

ಒಳಗೆ ಅಜ್ಜಿ ಕೂತಿದ್ದರು. ಆ ರೀಲಿನಲ್ಲಿ ತಾತ ಇದ್ದಾರೆ, ಸ್ಟೇಜಿನ ಪಕ್ಕ ನಿಂತಿದ್ದಾರೆ ಅಂತ ಅವರ ನೆನಪು. ಅಜ್ಜಿಗೆ 86. ನನಗೆ ಒಂದು ಗಳಿಗೆ ಓಡಿಸೇಬಿಡೋಣ ಅನ್ನಿಸಿತ್ತು, ಸುಳ್ಳು ಹೇಳಲ್ಲ. ಅಜ್ಜಿಯನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, 'ಒಂದ್ಸಲ ನೋಡಿ ಹೋಗೋದಾದ್ರೆ ಬೇಡ ಬಿಡು' ಅಂದರು.

ಹಲ್ಲುಚಕ್ರವೇ ಇಲ್ಲದೆ, ಫಿಲ್ಮನ್ನ ಅಂಚಿನಲ್ಲಿ ಹಿಡಿದು ಒಂದೊಂದೇ ಚಿತ್ರ ಸ್ಕ್ಯಾನ್ ಮಾಡೋ ಯಂತ್ರಗಳಿವೆ. ಅಂಥ ಕಡೆ ಕಳಿಸಿದ್ದೀವಿ. ತಗಡಿನ ಡಬ್ಬ ಬದಲಾಯಿಸಿ, ಗಾಳಿಯಾಡೋ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ತಂಪಾಗಿ, ಒಣಗಿದ ಜಾಗದಲ್ಲಿ, ಬೇರೆ ರೀಲುಗಳಿಂದ ದೂರ ಇಡಬೇಕು, ಯಾಕಂದ್ರೆ ಆ ಆಮ್ಲದ ಆವಿ ಪಕ್ಕದ ರೀಲನ್ನೂ ಕೆಡಿಸುತ್ತೆ.

ಥಿಯೇಟರುಗಳ ಕಥೆ ಬೇಗ ಮುಗಿಸ್ತೀನಿ, ಅದೂ ಬೇಗನೇ ಮುಗೀತು. ಜಯನಗರದ ಕಡೆಯವರಿಗೆ ನಂದಾ, ಶಾಂತಿ, 4ನೇ ಬ್ಲಾಕ್ ಕಾಂಪ್ಲೆಕ್ಸ್‌ನ ಪುಟ್ಟಣ್ಣ ನೆನಪಿರುತ್ತೆ. 2000ದ ದಶಕದಲ್ಲಿ ಉಪಗ್ರಹ, ಹಾರ್ಡ್ ಡಿಸ್ಕ್ ಮೂಲಕ ಡಿಜಿಟಲ್ ಬಂತು. 2013ರಲ್ಲಿ ಫ್ಯೂಜಿ ಕಂಪನಿ ಸಿನಿಮಾ ಫಿಲ್ಮ್ ಮಾಡೋದನ್ನೇ ನಿಲ್ಲಿಸಿತು. ಆಪರೇಟರ್ ತಾತನ ಥಿಯೇಟರಿನ ಎರಡು ಪ್ರೊಜೆಕ್ಟರುಗಳು ಒಂದೇ ಟೆಂಪೋದಲ್ಲಿ ಹೋದವಂತೆ. ಅವರು ಬೆಳಿಗ್ಗೆ ಹೋಗಿ ಎರಡಕ್ಕೂ ಎಣ್ಣೆ ಬಿಟ್ಟು ಬಂದಿದ್ದರಂತೆ. 'ಕಬ್ಬಿಣಕ್ಕೆ ಹೋಗೋದಕ್ಕೆ ಎಣ್ಣೆ ಯಾಕೆ ತಾತ?' ಅಂದೆ. 'ಅಭ್ಯಾಸ,' ಅಂದರು.

ಕಳೆದ ಭಾನುವಾರ ನಮ್ಮ ಯಂತ್ರ ಓಡಿತು. ಸಂಡೇ ಬಜಾರಿನಲ್ಲಿ ಸಿಕ್ಕ ಹಿಂದಿ ಕಾಮೆಂಟರಿಯ ಯಾವುದೋ ಕೃಷಿ ಸಾಕ್ಷ್ಯಚಿತ್ರದ ರೀಲು, ಹಾಳಾದರೆ ಹಾಳಾಗಲಿ ಅಂತ ತಂದಿದ್ದು. ಕಪ್ಪು ಬಿಳುಪು, ತುಂಬಾ ಮಳೆ. 16 ಎಂ.ಎಂ.ನಲ್ಲಿ ಸದ್ದು ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತೆ, ಫಿಲ್ಮಿನ ಸುರುಳಿಯನ್ನ ಸರಿಯಾದ ಉದ್ದಕ್ಕೆ ಬಿಡದಿದ್ದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಮೊದಲ ಸಲ ನಮಗೂ ಹಾಗೇ ಆಯ್ತು. ರೈತ ಬಾಯಿ ಮುಚ್ಚಿದ ಮೇಲೆ ಮಾತಾಡಿದ. ಎರಡನೇ ಸಲ ಸರಿಹೋಯ್ತು. ಪಕ್ಕದ ಮನೆ ಹುಡುಗರು ಬಂದು ಪರದೆ ನೋಡೋದು ಬಿಟ್ಟು ಯಂತ್ರದ ಸುತ್ತ ನಿಂತರು. ಅಜ್ಜಿ ಹನ್ನೊಂದು ನಿಮಿಷವೂ ಗೊಬ್ಬರದ ಬಗ್ಗೆ ನೋಡಿದರು.

ನೀವು ಮೊದಲು ಕೇಳಿದ ಸದ್ದು ಆ ಸಂಜೆಯದು. ಮನೆ ಖಾಲಿ ಮಾಡೋಕೆ ಇನ್ನೂ ಐದು ವಾರ ಇದೆ. ಪ್ರೊಜೆಕ್ಟರ್ ಹಾಲ್‌ನಲ್ಲಿ ಕಿಟಕಿ ಪಕ್ಕ ಇದೆ, ಮೇಲೊಂದು ಬೆಡ್‌ಶೀಟ್ ಹೊದಿಸಿದ್ದೀವಿ. ಸ್ಕ್ಯಾನ್‌ಗೆ ಕಳಿಸಿದ ರೀಲು ಇನ್ನೂ ವಾಪಸ್ ಬಂದಿಲ್ಲ.

[ಯಂತ್ರದ ಸದ್ದು ನಿಧಾನವಾಗಿ ನಿಲ್ಲುತ್ತದೆ]